ಅಕ್ಕನ ಫೋನಿಗೆ ಬಂದ ಕೋಡು

ನವೆಂಬರ್ ೧೨, ಮಂಗಳವಾರ

ಮೇಲ್‌ನ ಪಾಸ್‌ವರ್ಡ್ ಪೂರ್ತಿ ಮರೆತುಹೋಗಿತ್ತು. ನಾಳೆ ಸಂಪಾದಕರಿಗೆ ಕೊಡಬೇಕಾದ ಪುಸ್ತಕದ ಕರಡು ಇರುವುದು ಅದರೊಳಗೇ. ಮಧ್ಯಾಹ್ನ ‘ಮರೆತಿರಾ?’ ಎಂಬುದನ್ನು ಒತ್ತಿದರೆ ಆರಂಕಿಯ ಕೋಡು ನನ್ನ ಹಳೆಯ ನಂಬರಿಗೆ ಹೋಯಿತು. ಆ ಸಿಮ್ ಈಗ ಅಕ್ಕನ ಬಳಿ ಇದೆ. ಅವಳ ಗೊರಕೆಯ ಮೇಲೆ ನಾನು ಹಾಸ್ಯಲೇಖನ ಬರೆದು ನಾಲ್ಕು ತಿಂಗಳಾಯಿತು, ಅಂದಿನಿಂದ ನಮಗೆ ಮಾತಿಲ್ಲ. ಹೀಗೆ ಅಕ್ಕನಿಗೆ ಕೋಡು ಬಂತು! ಅದರ ಆಯುಷ್ಯ ಹತ್ತೇ ನಿಮಿಷ. ಬಿಗುಮಾನ ಬದಿಗಿಟ್ಟು ಫೋನ್ ಮಾಡಿದೆ.

“ಅಕ್ಕಾ, ನಿನ್ನ ಫೋನಿಗೊಂದು ನಂಬರ್ ಬಂದಿದೆ, ಓದಿ ಹೇಳೇ.”

“ಓಹೋ, ಸಾಹಿತಿಗಳು! ನಾನೀಗ ಗೊರಕೆ ಹೊಡೀತಿದೀನಿ, ಆಮೇಲೆ ಮಾಡಿ.”

“ತಪ್ಪಾಯ್ತು ಕಣೇ.”

“ನಾಲ್ಕು.”

“ಆಮೇಲೆ?”

“ಆಮೇಲೆ ಇನ್ನೊಂದು ‘ತಪ್ಪಾಯ್ತು’ ಬರಲಿ.”

ಐದನೆಯ ಅಂಕಿಗೆ ಬರುವಷ್ಟರಲ್ಲಿ ಅವಳಿಗೇ ನಗು ತಡೆಯಲಾಗಲಿಲ್ಲ. ಮಾತಿಗೆ ಮಾತು ಹತ್ತಿಕೊಂಡು ಕೋಡಿನ ಗಡುವೇ ಮುಗಿಯಿತು. ಇನ್ನೊಂದು ತರಿಸಿದೆ. ಈ ಸಲ ಆರನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು.

ಕರಡು ಸಿಕ್ಕಿತು. ‘ಕೋಡು ಕಳಿಸುವ ನಂಬರ್ ಬದಲಿಸಬೇಕೇ?’ ಎಂದು ಖಾತೆ ಕೇಳಿತು. ಬೇಡ ಎಂದೆ. ಹೊಸ ಪಾಸ್‌ವರ್ಡನ್ನು ಎಲ್ಲಿಯೂ ಬರೆದಿಟ್ಟಿಲ್ಲ. ನನ್ನ ಮರೆವಿನ ಮೇಲೆ ನನಗೆ ಪೂರ್ಣ ನಂಬಿಕೆಯಿದೆ, ಹೆಚ್ಚೆಂದರೆ ಒಂದು ವಾರ…