ಹೊಗೆಯಲ್ಲಿ ಕೂಗದ ಹೆಸರು

ಮನೆಯವರಿಗೆ,

ಇಂದು ಮಧ್ಯಾಹ್ನ ಮಸ್ಕಿ ಗುಡ್ಡದ ಹುಲ್ಲಿಗೆ ಮತ್ತೆ ಬೆಂಕಿ ಬಿತ್ತು. ಗಾಳಿ ನಮ್ಮ ಓಣಿಯ ಕಡೆಗೇ ಇತ್ತು. ದನಗಳ ಕಣ್ಣಿ ಬಿಚ್ಚಿಸಿದೆ. ಜೋಳವನ್ನು ನೆಲದೊಳಗಿನ ಹಗೇವಿಗೆ ಇಳಿಸಿ ಬಂಡೆ ಮುಚ್ಚಿಸಿದೆ. ಕೌದಿಗಳನ್ನು ತೋಯಿಸಿ ಎಲ್ಲರಿಗೂ ಹೊದಿಸಿದೆ. ಹಳ್ಳಕ್ಕೆ ಇಳಿಯುವಷ್ಟರಲ್ಲಿ ಹೊಗೆ ಸುತ್ತುಗಟ್ಟಿತು. ಮುಂದೆ ದಾರಿಯಿಲ್ಲ, ಹಿಂದೆಯೂ ಇಲ್ಲ.

ಎತ್ತು ಹೊಡೆದುಕೊಂಡು ಹಿಂದೆ ಬರುತ್ತಿದ್ದ ನಮ್ಮ ಮಗ ದೊಡ್ಡಬಸಪ್ಪ ಕಾಣಲಿಲ್ಲ. ನನ್ನ ಗಂಟಲು ಹೊಗೆಗೆ ಕಟ್ಟಿಹೋಗಿತ್ತು. ಸೊಸೆ ಜಂಬಮ್ಮ, "ರೀ, ಈ ಕಡೆ ಬರ್ರೀ" ಎಂದು ಒದರುತ್ತಿದ್ದಳು. ಹಳ್ಳದಲ್ಲಿದ್ದ ಹೆಂಗಸರೆಲ್ಲ ಅದನ್ನೇ ಒದರುತ್ತಿದ್ದರು. ಪೊಲೀಸ್ ಆಕ್ಷನ್ನಿನ ಮರುಬೇಸಿಗೆಯಲ್ಲಿ, ಇಂಥದೇ ಬೆಂಕಿಯ ಹೊಗೆಯಲ್ಲಿ, ನಾನು ಒದರಿದ್ದೂ ಅದನ್ನೇ. ನೀವು ಯಾರ ದನಿಯ ಕಡೆ ನಡೆದಿರೋ, ತಿರುಗಿ ಬರಲಿಲ್ಲ.

ಸೊಸೆಯ ರಟ್ಟೆ ಹಿಡಿದೆ. "ಹೆಸರು ಹಿಡದು ಕೂಗಬೇ!"

"ಗಂಡನ ಹೆಸರು ಹ್ಯಾಂಗ ಹೇಳ್ಲಿ, ಅತ್ತೀ?"

"ನಾ ಅವತ್ತು ಹೇಳಲಿಲ್ಲ. ಕೂಗು!"

ಕೂಗಿದಳು. ಮಗ ಎತ್ತಿನ ಸಮೇತ ಹೊಗೆಯಿಂದ ಹೊರಬಂದ.

ಮನೆ ಉಳಿದಿದೆ. ಈ ಕಾಗದದ ಮೇಲಾದರೂ ನಿಮ್ಮ ಹೆಸರು ಬರೆಯಬೇಕೆಂದು ಕುಳಿತೆ. ಮೂರು ಹಾಳೆ ಹರಿದೆ. ಕೊನೆಗೆ 'ಮನೆಯವರಿಗೆ' ಎಂದೇ ಬರೆದಿದ್ದೇನೆ.