ತವುಡಿನ ಜಾಡಿ ಸಿಕ್ಕಿದೆ

ಕೊಕುರಾ
ಅಕ್ಟೋಬರ್ 14, 2023

ಪ್ರೀತಿಯ ತಂಗಿ ಟೊಮೊಯೆ,

ನೀನು ಕಳಿಸಿದ ಸೇಬು ಒಂದೂ ಕೆಡದೆ ತಲುಪಿದವು. ಹತ್ತು ದಿನವಾದರೂ ಉತ್ತರ ಬರೆಯಲಿಲ್ಲ, ಬೇಸರಪಡಬೇಡ. ಈ ವಾರ ಎರಡು ಸಲ ಬರೆದು ಹರಿದೆ. ಸೊಂಟ ಗಟ್ಟಿಯಾಗಿದೆ, ಕೋಲಿಲ್ಲದೆ ಸಂತೆಗೆ ಹೋಗಿ ಬರುತ್ತೇನೆ.

ನಮ್ಮ ಬೀದಿಯ ಹಳೇ ಕ್ಷೌರದಂಗಡಿ ಈಗ ಎಂಟು ಕುರ್ಚಿಯ ಹೋಟೆಲು. ನಡೆಸುವವನು ರ್ಯೂಹೆಯಿ, ಬೇರೆ ಊರಿನವನು, ಮೂವತ್ತು ದಾಟಿಲ್ಲ. ಮಂಗಳವಾರ ಸಂಜೆ ಪಕ್ಕದ ಮನೆಯ ಕುವಾನೊ ಅಲ್ಲಿಗೆ ಕರೆದರು. "ನೀವು ಟೀವಿ ಜೊತೆ ಮಾತಾಡೋದು ನಮ್ಮನೇಗೂ ಕೇಳ್ಸುತ್ತೆ ಹಿಸಾನೊ ಅವ್ರೇ. ಒಂದಿನ ಮನುಷ್ಯರ ಜೊತೆನೂ ಮಾತಾಡಿ" ಎಂದರು.

ಶೋಚು ಮದ್ಯಕ್ಕೆ ಕಾಬೋಸು ನಿಂಬೆರಸ, ಶುಂಠಿ ಬೆರೆಸಿದ ಕಾಕ್‌ಟೇಲ್ ಬಂತು. ಜೊತೆಗೆ ಕೇಳದೆಯೇ ಬರುವ ಮೊದಲ ತಟ್ಟೆ: ಉಪ್ಪು ಬೆರೆಸಿದ ಅಕ್ಕಿ ತವುಡಿನಲ್ಲಿ ಹೂತು ಹುಳಿಸಿದ ಸೌತೆಕಾಯಿ ಮೂರು ತುಂಡು, ಟರ್ನಿಪ್ ಎರಡು. ಊಟ ಬಡಿಸುವ ಉದ್ದ ಹಲಗೆಯ ಮೂಲೆಯಲ್ಲಿ, ಯಾರೂ ಕೂರದ ಕುರ್ಚಿಯ ಮುಂದೆಯೂ ಅಂಥದೊಂದು ತಟ್ಟೆಯಿತ್ತು. ಅದರ ವಿಷಯ ಕೊನೆಯಲ್ಲಿ ಬರೆಯುತ್ತೇನೆ.

ಒಂದು ತುಂಡು ಬಾಯಿಗಿಟ್ಟೆ. ಪರ್ಸಿಮನ್ ಹಣ್ಣಿನ ಒಣಸಿಪ್ಪೆಯ ಸಿಹಿ, ಆಮೇಲೆ ನಾಲಿಗೆಯಂಚಿಗೆ ಸಾನ್ಶೋ ಕಾಳಿನ ಚುರುಕು. ಟೊಮೊಯೆ, ಅದು ಅಮ್ಮನ ಜಾಡಿಯ ತವುಡು. ಅಜ್ಜಿಯ ಕೈಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಬಂದದ್ದು. ನಮ್ಮ ಬೀದಿಯ ಇಪ್ಪತ್ತು ಮನೆಯಲ್ಲಿ ತವುಡಿನ ಜಾಡಿ ಇದೆ. ಒಂದರ ರುಚಿ ಇನ್ನೊಂದಕ್ಕಿಲ್ಲ.

ಎರಡು ವರ್ಷದ ಹಿಂದೆ ಸೊಂಟದ ಆಪರೇಷನ್‌ಗೆ ಹೋಗುವಾಗ ಜಾಡಿಯನ್ನು ಮೂರೇ ವಾರ ನೋಡಿಕೋ ಎಂದು ನಿನಗೆ ಹೇಳಿದೆ. ದಿನಕ್ಕೊಂದು ಸಲ ಕೈಹಾಕಿ ತಿರುವಿದರೆ ಸಾಕಿತ್ತು. ಆ ವಾಸನೆ ನಿನಗೆ ಚಿಕ್ಕಂದಿನಿಂದಲೂ ಆಗುತ್ತಿರಲಿಲ್ಲ, ಗೊತ್ತು. ನಾನು ಮನೆಗೆ ಬಂದಾಗ, "ಬೂಸ್ಟು ಹಿಡೀತು ಅಕ್ಕಾ, ಎಸೆದ್ಬಿಟ್ಟೆ" ಎಂದು ನೀನು ಅತ್ತೆ. ನಾನೇ ನಿನ್ನ ಕಣ್ಣೊರೆಸಿದೆ.

"ಇದು ಎಲ್ಲಿಂದ ಬಂತಪ್ಪಾ?" ಎಂದು ರ್ಯೂಹೆಯಿಯನ್ನು ಕೇಳಿದೆ.

"ಎರಡ್ ವರ್ಷದ ಹಿಂದೆ ನಾನು ಸಂತೇಲಿ ತರಕಾರಿ ಮಾರ್ತಿದ್ದೆ ಅಮ್ಮಾ. ಒಬ್ಬ ಹೆಂಗಸು ಬಂದು ಕೊಟ್ರು. ಎಡಗೆನ್ನೆ ಮೇಲೆ ಮಚ್ಚೆ ಇತ್ತು. ತವುಡು ಸುರ್ಕೊಂಡು ಖಾಲಿ ಜಾಡಿ ವಾಪಸ್ ಕೊಟ್ಟೆ."

"ಕೊಟ್ಟಿದ್ದೇನೋ ಚೆನ್ನಾಗೇ ಇತ್ತು. ಈಗ ನೋಡಯ್ಯಾ, ನಿನ್ನ ಮುಖಕ್ಕಿಂತ ಹುಳಿ" ಎಂದರು ಕುವಾನೊ.

ನಿಜಕ್ಕೂ ಹುಳಿ ಏರಿತ್ತು. ಬಿಟ್ಟಿದ್ದರೆ ತಿಂಗಳೊಳಗೆ ಸಾಯುತ್ತಿತ್ತು. ನಾನು ಅಂಗಿಯ ತೋಳು ಮಡಿಚಿ ಒಳಗೆ ಹೋದೆ, ಅವನ ತವುಡಿನ ಪಾತ್ರೆಯ ತಳದವರೆಗೆ ಕೈಹಾಕಿ ತಿರುವಿದೆ. "ಸಾಸಿವೆ ಪುಡಿ ಹಾಕು. ಎರಡು ದಿನ ತರಕಾರಿ ಇಡಬೇಡ" ಎಂದೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಒಂದು ಡಬ್ಬಿ ತುಂಬ ತವುಡು ಕೊಟ್ಟು ಕಳಿಸಿದ. ನೀನು ತೊಳೆದು ಬೋರಲು ಹಾಕಿದ್ದ ಜಾಡಿಯಲ್ಲೇ ಅದು ಈಗ ಉಸಿರಾಡುತ್ತಿದೆ.

ನವೆಂಬರ್ ಹನ್ನೆರಡು, ಭಾನುವಾರ, ಅಮ್ಮನ ಏಳನೇ ವರ್ಷದ ಪೂಜೆ. ನೆಂಟರೆಲ್ಲ ಬರುತ್ತಾರೆ. ಬೂಸ್ಟಿನ ಕಥೆಯನ್ನು ನೀನು ಅವರೆಲ್ಲರಿಗೂ ಹೇಳಿದ್ದೀಯ. ಅಡುಗೆಗೆ ರ್ಯೂಹೆಯಿಯನ್ನೇ ಕರೆದಿದ್ದೇನೆ. ಮೊದಲ ತಟ್ಟೆಯನ್ನು ಅವನೇ ನಿನ್ನ ಮುಂದಿಡುತ್ತಾನೆ. ನಾನು ನಿನ್ನೆದುರು ಕೂತು ನೋಡುತ್ತೇನೆ. ಬಾರದೆ ಇರಬೇಡ. ಬಾರದಿದ್ದರೆ ಕಾರಣವನ್ನು ನಾನೇ ಎಲ್ಲರಿಗೂ ಹೇಳಬೇಕಾಗುತ್ತದೆ.

ನಿಮ್ಮಲ್ಲಿ ಚಳಿ ಶುರುವಾಗಿರಬೇಕು, ಕತ್ತಿಗೆ ಉಣ್ಣೆ ಸುತ್ತಿಕೋ. ನೂರು ವರ್ಷ ಬಾಳು. ಒಂದನ್ನೂ ಮರೆಯದೆ ಬಾಳು.

ನಿನ್ನ ಅಕ್ಕ,
ಹಿಸಾನೊ

ಕೊನೆಯ ಮಾತು: ಮೂಲೆಯ ತಟ್ಟೆ ಯಾರಿಗೆಂದು ಕೇಳಿದೆ. "ಆ ಜಾಡಿಯ ಯಜಮಾನಿಗೆ ಅಮ್ಮಾ. ಕೊಟ್ಟೋರ ಅಕ್ಕ ಅಂತೆ, ತೀರ್ಕೊಂಡ್ರಂತೆ. ದಿನಾ ಮೊದಲ ತುಂಡು ಅವ್ರಿಗೆ" ಎಂದ. ಕುವಾನೊ ಬಾಯಿ ತೆರೆದರು, ನಾನು ಅವರ ತೋಳು ಹಿಡಿದು ಸುಮ್ಮನಾಗಿಸಿದೆ. ನೀನು ಅವನಿಗೆ ಹಾಗೆ ಹೇಳಿದಾಗ ನಾನು ಆಸ್ಪತ್ರೆಯ ಸರಳು ಹಿಡಿದು ನಡಿಗೆ ಕಲಿಯುತ್ತಿದ್ದೆ. ದಿನವೂ ಫೋನ್ ಮಾಡಿ ತಿರುವಿದೆಯಾ ಎಂದು ಕೇಳುತ್ತಿದ್ದೆ. ಹೂಂ ಅಕ್ಕಾ ಎನ್ನುತ್ತಿದ್ದೆ ನೀನು. ಮೂಲೆಯ ತಟ್ಟೆಯನ್ನು ಎಳೆದುಕೊಂಡು ಅದರಲ್ಲಿದ್ದುದನ್ನು ನಾನೇ ತಿಂದೆ. ರ್ಯೂಹೆಯಿ ಗಾಬರಿಯಾದ. ನಾನು ಯಾರೆಂದು ಅವನಿಗೆ ಇನ್ನೂ ಹೇಳಿಲ್ಲ. ಹನ್ನೆರಡರಂದು ನೀನೇ ಪರಿಚಯ ಮಾಡಿಕೊಡು.