ಎಲ್ಡನ್ ಸಹಿ ಹಾಕಿದ ಮೇಲೆ

ಏಪ್ರಿಲ್ 29, 2017

ಕರುಗಳಿಗೆ ಕಾದ ಕಬ್ಬಿಣದ ಮುದ್ರೆ ಒತ್ತುವ ಕೆಲಸ ಮುಗಿಯಿತು. ನೆರೆಹೊರೆಯವರೆಲ್ಲ ಬಂದಿದ್ದರು. ತಮ್ಮ ಎಲ್ಡನ್ ಮಾತ್ರ ಬರಲಿಲ್ಲ. ಅಪ್ಪ ಸತ್ತ ವರ್ಷವೂ ತಪ್ಪಿಸಿದವನಲ್ಲ. ಕೆನಡಾದಿಂದ ಬರುವ ಎಣ್ಣೆಯ ಪೈಪ್‌ಲೈನ್ ಅಪ್ಪನ ಜಮೀನಿನಲ್ಲಿ ತನ್ನ ಪಾಲಿಗೆ ಬಂದ ಹುಲ್ಲುಗಾವಲಲ್ಲಿ ಹಾಯಲಿ ಎಂದು ಸಹಿ ಹಾಕಿಕೊಟ್ಟಿದ್ದಾನೆ. ನಾನು ಹಾಕಲ್ಲ ಅಂದೆ. ಅದೇ ಕೋಪ. ಇಬ್ಬರ ನಡುವೆ ಇರುವುದು ಒಂದು ಬೇಲಿ... ಮೊಂಡ. ನಾನೇನು ಕಡಿಮೆ?

ಮೇ 3

ಪೈಪ್‌ಲೈನ್ ಬಗ್ಗೆ ಜನರ ಅಹವಾಲು ಕೇಳುವ ಸರ್ಕಾರದ ಹಿಯರಿಂಗ್. ಮಾತಾಡಲು ತಲೆಗೆ ಐದು ನಿಮಿಷ. ನಮ್ಮಲ್ಲಿ ಮರಳು ಕೆದಕಿದರೆ ನೀರು, ಎಣ್ಣೆ ಸೋರಿದರೆ ದನಕ್ಕೆ ಏನು ಕುಡಿಸುವುದು ಅಂದೆ. ಚಪ್ಪಾಳೆ ಬಿತ್ತು. ಆಮೇಲೆ ಎಲ್ಡನ್ ಎದ್ದ. ತೆರಿಗೆ ಬಂದರೆ ಶಾಲೆ ಉಳಿಯುತ್ತದೆ, ಹುಡುಗರಿಗೆ ವೆಲ್ಡಿಂಗ್ ಕೆಲಸ ಸಿಗುತ್ತದೆ ಅಂದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು.

"ನಮ್ಮಕ್ಕ ಇಲ್ಲಿಗೆ ನಡ್ಕೊಂಡೇನೂ ಬಂದಿಲ್ಲ. ಡೀಸೆಲ್ ಗಾಡೀಲೇ ಬಂದಿರೋದು."

ಎಲ್ಲರೂ ನಕ್ಕರು, ನನ್ನ ಕಡೆಯವರೂ. ಮೈ ಉರಿಯಿತು. ಕೂತಲ್ಲಿಂದಲೇ ಕೂಗಿದೆ — "ಅಪ್ಪನ್ನೇ ಮಾರಿದೋನು ನೀನು."

ಆಗ ಯಾರೂ ನಗಲಿಲ್ಲ.

ಅಕ್ಟೋಬರ್ 14

ಜಲ್ಲಿ ರಸ್ತೆಯಲ್ಲಿ ಅವನ ಗಾಡಿ ಎದುರಾಯಿತು. ಗುರುತಿಲ್ಲದವರಿಗೂ ಸ್ಟೇರಿಂಗ್ ಮೇಲಿಂದ ಒಂದು ಬೆರಳು ಎತ್ತಿ ನಮಸ್ಕಾರ ಹೇಳುವ ಊರು ಇದು. ಎತ್ತಿದೆ. ಅವನು ನೆಟ್ಟಗೆ ದಾರಿ ನೋಡಿಕೊಂಡು ಹೋದ. ಮನೆಗೆ ಬಂದು ಅತ್ತೆ.

ಫೆಬ್ರವರಿ 2, 2020

ಎಲ್ಡನ್‌ಗೆ ಹಾರ್ಟ್ ಅಟ್ಯಾಕ್. ಅವನ ಹೆಂಡತಿ ಮಾರ್ಲಿಸ್ ಫೋನ್ ಮಾಡಿದ್ದಳು. ಈಗಲೇ ಹೊರಟೆ ಅಂದೆ.

"ಬೇಡ ಅತ್ತಿಗೆ. ನಿಮ್ಮನ್ನ ನೋಡಿದ್ರೆ ಬಿಪಿ ಏರುತ್ತೆ. ಸ್ವಲ್ಪ ಸುಧಾರಿಸ್ಲಿ, ನಾನೇ ಕರೀತೀನಿ."

ಕೋಟು ಬಿಚ್ಚದೆ ಸಂಜೆಯವರೆಗೆ ಕೂತಿದ್ದೆ.

ಫೆಬ್ರವರಿ 8

ಮಾರ್ಲಿಸ್ ಕರೆಯಲಿಲ್ಲ. ಗುರುವಾರ ಹೋಗಿಬಿಟ್ಟ. ಇವತ್ತು ಮಣ್ಣು ಮಾಡಿದೆವು. ಚರ್ಚಿನಲ್ಲಿ ಮುಂದಿನ ಬೆಂಚು ಮನೆಯವರದು. ನಾನು ಹಿಂದೆ, ನೆರೆಯವರ ಜೊತೆ. ಮುಂದೆ ಬಾ ಎಂದು ಯಾರೂ ಅನ್ನಲಿಲ್ಲ. ಅಂದಿದ್ದರೆ ಮುಂದಕ್ಕೆ ಓಡುತ್ತಿದ್ದೆ.

ಜನವರಿ 20, 2021

ಹೊಸ ಅಧ್ಯಕ್ಷರು ಬಂದ ದಿನವೇ ಪೈಪ್‌ಲೈನ್ ರದ್ದು ಮಾಡಿದರು. ಒಂದೇ ಸಮನೆ ಫೋನು. ಪಕ್ಕದ ಡ್ವೈಟ್ ಕೇಕ್ ತಂದ. ಗೆದ್ದೆವು ಅನ್ನುತ್ತಾರೆ. ನಿಜ, ನೀರು ಉಳಿಯಿತು. ನಾನು ನಿಂತದ್ದು ತಪ್ಪಲ್ಲ, ಈಗಲೂ ಹೇಳುತ್ತೇನೆ. ಆದರೆ ನಮ್ಮಲ್ಲಿ ಒಂದು ಗುದ್ದಲಿ ಮಣ್ಣೂ ಏಳಲಿಲ್ಲ. ಬಾರದ ಪೈಪಿಗಾಗಿ ಅಕ್ಕ ತಮ್ಮ ಮಾತು ಬಿಟ್ಟೆವು.

ಜನವರಿ 24

ಶನಿವಾರ ಗೆಲುವಿನ ಊಟವಂತೆ. ನಾನು ಎರಡು ಮಾತಾಡಬೇಕಂತೆ. ನಿನಗೆ ನೋವಾಗುತ್ತದೆಯೇ ಎಂದು ಕೇಳಲು ಮಾರ್ಲಿಸ್‌ಗೆ ಫೋನ್ ಮಾಡಿದೆ. ಮಾತಾಡಿ, ನನ್ನದೇನು ಅಂದಳು. ಫೋನ್ ಇಟ್ಟಳೇನೋ ಅಂದುಕೊಂಡೆ. ಇಟ್ಟಿರಲಿಲ್ಲ.

"ಕೊನೇ ದಿನ ಅವ್ರು ನಿಮ್ಮನ್ನ ಕೇಳಿದ್ರು, ಅತ್ತಿಗೆ. ನಾನೇ ಕರೀಲಿಲ್ಲ. ನನ್ ಸಿಟ್ಟು ಇಳಿದಿರ್ಲಿಲ್ಲ."

ಬೈಯಬೇಕು ಅನ್ನಿಸಿತು. ಸರಿ ಮಾರ್ಲಿಸ್ ಅಂದೆ. ಏನು ಸರಿ? ಹೇಗೆ ಕೇಳಿದ... ಹೆಸರು ಹಿಡಿದೋ, ಅಕ್ಕ ಅಂದನೋ... ಅದನ್ನಾದರೂ ಕೇಳಬೇಕಿತ್ತು. ನಾಳೆ ಬೆಳಗ್ಗೆ ಅವಳ ಮನೆಗೆ ಹೋಗಿ ಕೇಳುತ್ತೇನೆ.